ಎಂಬತ್ತೇಳನೇ ಟವರಿನ ಬಾಗಿಲು

ಗದರಪ್ಪನ ಎಡಗಿವಿ ಕೇಳುವುದಿಲ್ಲ ಎನ್ನುವುದು ಕಂಟ್ರೋಲ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಎಡಗಡೆ ಕೂತವರು ಅವನನ್ನು ಬೈಯಬಹುದು, ಬಲಗಡೆ ಕೂತವರು ಅವನಿಂದ ಬೈಸಿಕೊಳ್ಳಬೇಕು ಎಂಬುದು ಅಲ್ಲಿನ ಹಳೆಯ ಜೋಕು. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮನುಷ್ಯರು ಸಿಕ್ಕರೆ ಮನುಷ್ಯರನ್ನು, ಇಲ್ಲವಾದರೆ ಪ್ರಿಂಟರನ್ನು, ಲಿಫ್ಟನ್ನು, ನಲ್ಲಿಯನ್ನು ಗದರುವವನಿಗೆ ಬೇರೆ ಹೆಸರು ಯಾಕೆ ಬೇಕು?

ಕಿಟಕಿಯಿಲ್ಲದ, ಮೈ ನಡುಗುವಷ್ಟು ತಂಪಾದ ಆ ಕೋಣೆಗೆ ನಾನೂರ ಹನ್ನೆರಡು ಮೊಬೈಲ್ ಟವರುಗಳು ಸುದ್ದಿ ಕಳಿಸುತ್ತಿದ್ದವು. ಕರೆಂಟು ಹೋಯಿತು, ಜನರೇಟರಿನಲ್ಲಿ ಡೀಸೆಲ್ ಮುಗಿಯಿತು, ಸಲಕರಣೆ ಬಿಸಿಯಾಯಿತು, ಬಾಗಿಲು ತೆರೆಯಿತು, ಏನಾದರೂ ಸರಿ, ಗೋಡೆಯಗಲದ ಪರದೆಯ ಮೇಲೆ ಗಂಟೆ ನಿಮಿಷ ಸೆಕೆಂಡಿನ ಸಮೇತ ಒಂದು ಸಾಲು ಮೂಡಿ ಬೀಪ್ ಬೀಪ್ ಎಂದು ಹೊಡೆದುಕೊಳ್ಳುತ್ತಿತ್ತು. ಸಣ್ಣ ತೊಂದರೆಗೆ ಹಳದಿ, ದೊಡ್ಡದಕ್ಕೆ ಕೆಂಪು, ಸರಿಹೋದ ಮೇಲೆ ಹಸಿರು. ಕೂತವನು 'ನೋಡಿದ್ದೇನೆ' ಎಂಬ ಗುಂಡಿ ಒತ್ತಿದರೆ ಸದ್ದು ನಿಲ್ಲುತ್ತದೆ. ಸದ್ದು ನಿಲ್ಲುತ್ತದೆ ಅಷ್ಟೇ, ತೊಂದರೆ ನಿಲ್ಲುವುದಿಲ್ಲ. ಈ ವ್ಯತ್ಯಾಸ ಗದರಪ್ಪನಿಗೆ ಗೊತ್ತಿದ್ದಷ್ಟು ಆ ಕಟ್ಟಡದಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಅವನು ಅದನ್ನು ಮೂಳೆ ಮುರಿಸಿಕೊಂಡು ಕಲಿತಿದ್ದ.

ಹನ್ನೆರಡು ವರ್ಷದ ಹಿಂದೆ ಅವನೂ ಬೈಕಿನ ಮೇಲೆ ಸ್ಪ್ಯಾನರ್ ಚೀಲ ಹೇರಿಕೊಂಡು ಟವರಿಂದ ಟವರಿಗೆ ತಿರುಗುವ ಟೆಕ್ನಿಷಿಯನ್ ಆಗಿದ್ದ. ಕಲ್ಲುಕ್ವಾರಿಯ ಪಕ್ಕದ ಒಂದು ಟವರಿನ ಬುಡದಲ್ಲಿ, ಸಲಕರಣೆ ಇಡುವ ತಗಡಿನ ಕೋಣೆಯೊಳಗೆ ಬಗ್ಗಿ ಕೆಲಸ ಮಾಡುತ್ತಿದ್ದಾಗ ಹಿಂದಿನಿಂದ ಯಾರೋ ತಲೆಗೆ ಸಿಮೆಂಟಿನ ಖಾಲಿ ಚೀಲ ಇಳಿಸಿದರು. ಬ್ಯಾಟರಿ ಕಳ್ಳರು. ಎಷ್ಟು ಜನ ಎಂಬುದು ಅವನಿಗೆ ಇವತ್ತಿಗೂ ಗೊತ್ತಿಲ್ಲ, ಏಟು ಬಿದ್ದ ದಿಕ್ಕುಗಳನ್ನು ಲೆಕ್ಕ ಹಾಕಿ ನಾಲ್ವರು ಎನ್ನುತ್ತಾನೆ. ಅವನದೇ ಸ್ಪ್ಯಾನರಿನಿಂದ ಎಡಗಿವಿಯ ಮೇಲೆ ಬಾರಿಸಿದರು. ಬಾಯಿಗೆ ಸಿಮೆಂಟಿನ ಪುಡಿ, ಮೂಗಿಗೆ ರಕ್ತ. ಕೇಬಲಿನಿಂದ ಕೈಕಾಲು ಬಿಗಿದು, ಅವನನ್ನು ದಾಟಿಕೊಂಡು, ಕೆಲವೊಮ್ಮೆ ತುಳಿದುಕೊಂಡು, ಇಪ್ಪತ್ತನಾಲ್ಕು ಬ್ಯಾಟರಿಗಳನ್ನು ಒಂದೊಂದಾಗಿ ಹೊತ್ತೊಯ್ದರು. ಎರಡು ಗಂಟೆ ಹತ್ತು ನಿಮಿಷ ಅವನು ಅಲ್ಲೇ ಬಿದ್ದಿದ್ದ. ಬಾಗಿಲು ತೆರೆದೇ ಇತ್ತು. ಕಂಟ್ರೋಲ್ ರೂಮಿನಲ್ಲಿ ಅದರ ಅಲಾರಂ ಬಂದಿತ್ತು ಕೂಡ. ಆ ಹೊತ್ತು ಸೀಟಿನಲ್ಲಿದ್ದವನು ನಾಲ್ಕೇ ಸೆಕೆಂಡಿನಲ್ಲಿ 'ನೋಡಿದ್ದೇನೆ' ಎಂದು ಒತ್ತಿ ಟೀ ಕುಡಿಯಲು ಎದ್ದು ಹೋಗಿದ್ದ.

ಅಪ್ಪ ಅಮ್ಮ ಬೇಗ ಹೋದ ಮನೆ ಅದು. ತಂಗಿಯ ಜಡೆಯನ್ನು ತಾನೇ ಹೆಣೆದು ಸ್ಕೂಲಿಗೆ ಕಳಿಸಿದವನು ಗದರಪ್ಪ. ಆಸ್ಪತ್ರೆಯಲ್ಲಿ ಅವನ ಪಕ್ಕ ನಲವತ್ತೊಂದು ದಿನ ಕೂತವಳು ಅವಳೊಬ್ಬಳೇ. ಹೊಡೆದವರನ್ನು ಅವಳು ಅಷ್ಟಾಗಿ ಶಪಿಸಲಿಲ್ಲ. ಕಳ್ಳರಲ್ಲವೇ, ಕಳ್ಳರ ಕೆಲಸ ಮಾಡಿದರು ಎಂದಳು. ಆ ಟೀ ಕುಡಿದವನನ್ನು ಮಾತ್ರ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮುಂಚೆ ಒಂದು ಸಲ, ಮಲಗುವ ಮುಂಚೆ ಒಂದು ಸಲ ಮುಖ ಕಂಡಿರದಿದ್ದರೂ ಶಪಿಸುತ್ತಿದ್ದಳು. ಆ ದಿನದ ಲಾಗ್ ಹಾಳೆಯ ಪ್ರಿಂಟು, ನಾಲ್ಕು ಸೆಕೆಂಡಿನ ಆ ಎರಡು ಸಾಲು, ಗದರಪ್ಪನ ಪರ್ಸಿನಲ್ಲಿ ಮಡಿಕೆ ಹರಿಯುವವರೆಗೂ ಇತ್ತು. ಹರಿದ ಮೇಲೆ ಅವಳೇ ಟೇಪು ಅಂಟಿಸಿ ಕೊಟ್ಟಳು.

ಆಸ್ಪತ್ರೆಯಿಂದ ಬಂದವನು ಹಟ ಹಿಡಿದು ಆ ಟೀ ಕುಡಿದವನ ಸೀಟನ್ನೇ ಪಡೆದ. ಬಂದ ವಾರಕ್ಕೇ ಕಾನೂನು ಮಾಡಿದ. ಟವರಿನ ಬಾಗಿಲು ತೆಗೆಯುವ ಮುಂಚೆ ಟೆಕ್ನಿಷಿಯನ್ ಕಂಟ್ರೋಲ್ ರೂಮಿನ ಮೊಬೈಲಾದ ಡ್ಯೂಟಿ ಫೋನಿಗೆ ಕರೆ ಮಾಡಿ ಟವರಿನ ನಂಬರ್ ಹೇಳಬೇಕು, ಕೂತವನು ರಿಜಿಸ್ಟರಿನಲ್ಲಿ ಬರೆದುಕೊಂಡು 'ಸರಿ' ಎಂದ ಮೇಲೆಯೇ ಬೀಗ ತೆಗೆಯಬೇಕು. ಬಾಗಿಲಿನ ಅಲಾರಂ ಬಂದಾಗ ರಿಜಿಸ್ಟರಿನಲ್ಲಿ ಹೆಸರಿದ್ದರೆ 'ನಮ್ಮವರು' ಎಂದು ಒತ್ತಬೇಕು. ಇಲ್ಲದಿದ್ದರೆ 'ಅನ್ಯರು'. 'ಅನ್ಯರು' ಎಂದು ಒತ್ತಿದ ಕೂಡಲೇ ಹತ್ತಿರದ ಗಸ್ತಿನ ಜೀಪಿಗೆ ಸಂದೇಶ ಹೋಗುತ್ತಿತ್ತು. ಜೀಪಿನಲ್ಲಿ ಮೂವರು, ಗುತ್ತಿಗೆಯ ಕಾವಲುಗಾರರು. ಅವರ ಮುಖಂಡನನ್ನು ಎಲ್ಲರೂ ಮೀಸೆ ಎನ್ನುತ್ತಿದ್ದರು, ಯಾಕೆಂದರೆ ಮುಖದಲ್ಲಿ ಮೊದಲು ಕಾಣುತ್ತಿದ್ದುದೇ ಅದು.

ಮೀಸೆಯ ಗುಂಪಿಗೆ ಪಾಠ ಹೇಳಿದವನೂ ಗದರಪ್ಪನೇ. "ಮೊದ್ಲು ಚೀಲ, ಆಮೇಲೆ ಮಾತು" ಎಂದು ಕಲಿಸಿದ್ದ. ಕಳ್ಳ ನಿಮ್ಮ ಮುಖ ನೋಡಬಾರದು, ನೋಡಿದರೆ ನಾಳೆ ಠಾಣೆಯಲ್ಲಿ ಬೆರಳು ತೋರಿಸುತ್ತಾನೆ. ಹಿಂದಿನಿಂದ ಹೋಗಿ ತಲೆಗೆ ಚೀಲ ಇಳಿಸಿ, ಕೈ ಹಿಂದಕ್ಕೆ ತಿರುಚಿ, ಆಮೇಲೆ ಶುರು ಮಾಡಿ. ಚೀಲ ಮಾತ್ರ ತೆಗೆಯಬೇಡಿ, ನೀವು ದೂರ ಹೋಗುವವರೆಗೆ. ಅವರು ಶ್ರದ್ಧೆಯಿಂದ ಕಲಿತರು. ಜೀಪಿನ ಹಿಂದಿನ ಸೀಟಿನಡಿ ಚೀಲಗಳನ್ನು ಮಡಿಸಿಟ್ಟುಕೊಂಡು, ರಕ್ತವಾದರೆ ಒಗೆದು ಒಣಗಿಸಿಕೊಳ್ಳುತ್ತಿದ್ದರು.

ಇನ್ನೊಂದು ಪದ್ಧತಿಯೂ ಬೆಳೆದಿತ್ತು. ಒಳಗೆ ನುಗ್ಗುವ ಮುಂಚೆ ಮೀಸೆ ಡ್ಯೂಟಿ ಫೋನಿಗೆ ಕರೆ ಮಾಡಿ ಮೊಬೈಲನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಗದರಪ್ಪ ಬಲಗಿವಿಗೆ ಫೋನು ಒತ್ತಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದ. ದೊಣ್ಣೆ ಮಾಂಸಕ್ಕೆ ಬಿದ್ದರೆ ಒಂದು ಸದ್ದು, ಮೂಳೆಗೆ ಬಿದ್ದರೆ ಇನ್ನೊಂದು. ಚೀಲದೊಳಗಿನ ಅಳು ದೂರದಿಂದ ಬಂದ ಹಾಗೆ ಕೇಳುತ್ತದೆ. ಸುಳ್ಳು ಯಾಕೆ ಹೇಳಬೇಕು, ಅವನಿಗೆ ಅದು ಹಿತವಾಗುತ್ತಿತ್ತು. ಬಿಸಿಲಲ್ಲಿ ಬಂದವನಿಗೆ ನೀರು ಕುಡಿದಷ್ಟು ಹಿತ. ಆಮೇಲೆ ಕೆಂಪು ಸಾಲು ಹಸಿರಾಗುತ್ತಿತ್ತು, ಅವನು ಷರಾ ಕಾಲಮ್ಮಿನಲ್ಲಿ 'ಅನ್ಯರು ತೆರವು' ಎಂದು ಬರೆದು ಊಟದ ಡಬ್ಬಿ ತೆಗೆಯುತ್ತಿದ್ದ. ಕಳ್ಳತನ ಕಡಿಮೆಯಾದದ್ದು ನಿಜ. ಮ್ಯಾನೇಜರ್ ಕಣ್ಣಿದ್ದೂ ಕುರುಡನಾಗಿದ್ದ. ಯಾರಾದರೂ ಇದು ಸರಿಯೇ ಎಂದರೆ ಗದರಪ್ಪ ದಂಡಂ ದಶಗುಣಂ ಎಂದು ಬಾಯಿ ಮುಚ್ಚಿಸುತ್ತಿದ್ದ.

ಹಾಗೆ ಬಾಯಿ ಮುಚ್ಚಿಸಿಕೊಳ್ಳದವನು ಒಬ್ಬನೇ, ತಂಗಿಯ ಗಂಡ. ಅವನೂ ಅದೇ ಕಂಪನಿಯ ಟೆಕ್ನಿಷಿಯನ್. ಕೆಲಸ ಕಲಿಸಿದವನು ಗದರಪ್ಪ, ಹೆಣ್ಣು ಕೊಟ್ಟವನೂ ಗದರಪ್ಪ. ಇರುವೆ ಸಾಲು ಕಂಡರೆ ಬಳಸಿಕೊಂಡು ಹೋಗುವ ಪ್ರಾಣಿ, ತಂಗಿಗೆ ಇಂಥವನೇ ಸರಿ ಎಂದು ಹುಡುಕಿ ತಂದಿದ್ದ. ಸಾಧು ಮನುಷ್ಯನನ್ನು ಹುಡುಕುವುದು ಸುಲಭ, ಅವನ ಮಾತು ಕೇಳಿಸಿಕೊಳ್ಳುವುದು ಕಷ್ಟ ಎಂಬುದು ಆಗ ಹೊಳೆದಿರಲಿಲ್ಲ.

ಒಂದು ಟವರಿನ ಬೇಲಿಯ ಹತ್ತಿರ ತುಂಡು ತಾಮ್ರದ ತಂತಿ ಆಯುತ್ತಿದ್ದ ಗುಜರಿಯ ಮುದುಕನನ್ನು ಮೀಸೆಯ ಗುಂಪು ಹಿಡಿದಾಗ ಜಗಳ ಶುರುವಾಯಿತು. ಮುದುಕ ಬಾಗಿಲು ಮುಟ್ಟಿರಲೇ ಇಲ್ಲ, ಸಡಿಲವಾದ ಬಾಗಿಲು ಗಾಳಿಗೆ ತೆರೆದಿತ್ತು. ಅವನ ಮಣಿಕಟ್ಟು ಮುರಿದು, ಮೂರು ಹಲ್ಲು ಚೀಲದೊಳಗೇ ಉದುರಿದವು. ಒಂದು ಗಂಟೆ ಬಿಟ್ಟು ರಿಪೇರಿಗೆಂದು ಅಲ್ಲಿಗೆ ಹೋದ ಭಾವಮೈದುನ ಅವನನ್ನು ಬೈಕಿನಲ್ಲಿ ಕೂರಿಸಿ, ತನ್ನ ಸೊಂಟಕ್ಕೆ ಟವೆಲಿನಿಂದ ಕಟ್ಟಿಕೊಂಡು ಆಸ್ಪತ್ರೆ ಸೇರಿಸಿದ.

ಆ ಭಾನುವಾರ ತಂಗಿಯ ಮನೆಯಲ್ಲಿ ಊಟಕ್ಕೆ ಕೂತಾಗ ಅವನು ತಟ್ಟೆ ನೋಡುತ್ತಲೇ ಮಾತು ತೆಗೆದ. ಮೇಲಿನ ಆಫೀಸಿಗೆ ಬರೆಯುತ್ತೇನೆ ಎಂದ. ಚೀಲದ ವಿಷಯ, ಫೋನಿನ ವಿಷಯ, ಎಲ್ಲ. ಗದರಪ್ಪ ಮೊದಲು ನಕ್ಕ, ಆಮೇಲೆ ಗದರಿದ, ಆಮೇಲೆ ತನ್ನ ಕಿವಿ ತೋರಿಸಿದ. ಎಲ್ಲ ಜಗಳದಲ್ಲೂ ಕೊನೆಗೆ ಗೆಲ್ಲುತ್ತಿದ್ದುದು ಆ ಕಿವಿಯೇ.

"ನಿಮ್ಮ ಕಿವಿ ತೆಗೆದೋನು ಆ ಮುದುಕ ಅಲ್ಲ ಭಾವ" ಎಂದ ಭಾವಮೈದುನ. "ಅವನ ಹಲ್ಲು ಉದುರೋದನ್ನ ನೀವು ಫೋನಲ್ಲಿ ಕೇಳ್ತಾ ಕೂತಿದ್ರಂತೆ. ಅದು ಕಾವಲು ಅಲ್ಲ."

ಗದರಪ್ಪ ಎಂಜಲು ಕೈಯಲ್ಲೇ ಅವನ ಕೆನ್ನೆಗೆ ಹೊಡೆದ. ತಟ್ಟೆ ಹಾರಿ ಗೋಡೆಗೆ ಬಡಿಯಿತು. ತಂಗಿ ಇಬ್ಬರ ನಡುವೆ ಬಂದು ನಿಂತಳು, ಅವಳ ಆರು ವರ್ಷದ ಮಗಳು ಮೇಜಿನಡಿ ಸೇರಿಕೊಂಡಳು. ಭಾವಮೈದುನ ಎದ್ದು ಕೈ ತೊಳೆದು, ಕೆನ್ನೆಗಂಟಿದ ಅನ್ನವನ್ನೂ ತೊಳೆದುಕೊಂಡು ಹೊರಗೆ ಹೋದ. ಗದರಪ್ಪನಿಗೆ ತಪ್ಪು ಅನ್ನಿಸಿತು. ಆದರೆ ತಪ್ಪು ಅನ್ನಿಸುವುದು ಬೇರೆ, ಒಪ್ಪುವುದು ಬೇರೆ. ಹಿರಿಯ ನಾನು, ಅವನೇ ಬಂದು ಮಾತಾಡಿಸಲಿ ಎಂದುಕೊಂಡ.

ಅವನು ಮಾತಾಡಿಸಲಿಲ್ಲ. ಒಂಬತ್ತು ದಿನ ಡ್ಯೂಟಿ ಫೋನಿಗೆ ಕರೆ ಮಾಡಿ "ಮೂವತ್ತು, ಒಳಗೆ ಹೋಗ್ತಿದೀನಿ", "ನೂರಾ ಹನ್ನೊಂದು, ಒಳಗೆ ಹೋಗ್ತಿದೀನಿ" ಎಂದು ಇಡುತ್ತಿದ್ದ. ಭಾವ ಎಂದಿಲ್ಲ, ಸಾರ್ ಎಂದೂ ಇಲ್ಲ. ಗದರಪ್ಪ 'ಸರಿ' ಎನ್ನುವಷ್ಟರಲ್ಲಿ ಲೈನು ಕಟ್ಟಾಗಿರುತ್ತಿತ್ತು. ಗಾಯದ ಮೇಲೆ ಉಪ್ಪು ಸುರಿದ ಹಾಗಾಗುತ್ತಿತ್ತು ಅವನಿಗೆ, ಗಾಯ ಮಾಡಿದವನು ತಾನೇ ಆದರೂ.

ಹತ್ತನೇ ದಿನ ಮಧ್ಯಾಹ್ನ ಎಂಬತ್ತೇಳನೇ ಟವರಿಗೆ ಕರೆಂಟು ಕೊಡುವ ಯಂತ್ರ ಕೆಟ್ಟಿತು. ಊರಾಚೆಯ ದೊಡ್ಡ ಬಡಾವಣೆಗೆಲ್ಲ ಆ ಟವರೊಂದೇ ಆಸರೆ. ಬ್ಯಾಟರಿಯ ಮೇಲೆ ಉಸಿರಾಡುತ್ತಿತ್ತು, ಬ್ಯಾಟರಿಯೂ ಹಳೆಯದು, ಹೆಚ್ಚೆಂದರೆ ಇನ್ನು ಮುಕ್ಕಾಲು ಗಂಟೆ. ಗದರಪ್ಪನ ಬಲಗಡೆ ಕೂತಿದ್ದ ಹುಡುಗಿ, ಆ ಕೋಣೆಗೆ ಹೊಸಬಳು, ಹತ್ತಿರ ಯಾರಿದ್ದಾರೆ ನೋಡಿ ಕೆಲಸ ಹಂಚಿದಳು. ಹತ್ತಿರ ಇದ್ದವನು ಭಾವಮೈದುನ. ಅವನ ಹೆಸರು ಪರದೆಯ ಮೂಲೆಯಲ್ಲಿ ಮೂಡಿದ್ದನ್ನು ಗದರಪ್ಪ ನೋಡಿದ.

ಎರಡು ಮೂವತ್ತೊಂದಕ್ಕೆ ಡ್ಯೂಟಿ ಫೋನು ರಿಂಗಾಯಿತು. ಯಾರ ನಂಬರೆಂದು ಗದರಪ್ಪನಿಗೆ ಕಾಣುತ್ತಿತ್ತು. ಕೈ ಮುಂದೆ ಹೋಗಲಿಲ್ಲ. ನಿಲ್ಲಲಿ ಬಿಸಿಲಲ್ಲಿ, ಹತ್ತು ನಿಮಿಷ ನಿಂತರೆ ಭಾವ ಎನ್ನುವ ಪದ ತಾನಾಗಿ ನೆನಪಾಗುತ್ತದೆ ಎಂದುಕೊಂಡ. ಫೋನು ಹೊಡೆದು ಹೊಡೆದು ನಿಂತಿತು. ಮೂರು ನಿಮಿಷ ಬಿಟ್ಟು ಮತ್ತೆ ಶುರುವಾಯಿತು.

"ಸಾರ್, ಫೋನು" ಎಂದಳು ಹುಡುಗಿ.

"ಕೇಳಿಸ್ತಿದೆ. ಒಂದಾದ್ರೂ ಕಿವಿ ಇದೆ ನಂಗೆ."

ಅವಳು ತನ್ನ ಪರದೆಗೆ ತಿರುಗಿದಳು. ಫೋನು ನಿಂತಿತು. ಎರಡು ಮೂವತ್ತೆಂಟಕ್ಕೆ ಕೆಂಪು ಸಾಲು ಬಂತು: ಎಂಬತ್ತೇಳು, ಬಾಗಿಲು ತೆರೆದಿದೆ. ಬ್ಯಾಟರಿ ಸಾಯುತ್ತಿದೆ, ಬಡಾವಣೆಗೆ ಬಡಾವಣೆಯೇ ಮೂಕವಾಗುತ್ತದೆ ಎಂದು ಇನ್ನು ಕಾಯಲಾರದೆ ಅವನು ಬೀಗ ತೆಗೆದಿದ್ದ. ಕೆಲಸದ ಮೇಲೆ ಪ್ರೀತಿಯಿದ್ದವನು ಯಾರಾದರೂ ಅದನ್ನೇ ಮಾಡುತ್ತಿದ್ದ. ಗದರಪ್ಪನಿಗೆ ಕಂಡದ್ದು ಬೇರೆ. ನನ್ನ 'ಸರಿ' ಇಲ್ಲದೆ ಬಾಗಿಲು ತೆಗೆದ. ನನ್ನ ಕಾನೂನನ್ನು ಕಾಲಲ್ಲಿ ಒದ್ದ.

ಪರದೆಯ ಮೇಲೆ ಎರಡು ಗುಂಡಿ. 'ನಮ್ಮವರು' ಎಂದು ಒತ್ತಬೇಕಾದರೆ ತಾನು ಎತ್ತದ ಕರೆಯನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಅವನು ಇನ್ನೊಂದನ್ನು ಒತ್ತಿದ. ಮೀಸೆ ಹೋಗಲಿ, ಅವನ ಮುಖ ನೋಡಿ ಓ ನೀವಾ ಎನ್ನಲಿ, ಕರೆ ಮಾಡದೆ ಹೋದದ್ದಕ್ಕೆ ನಾಲ್ಕು ಜನರೆದುರು ನಾಚಿಕೆಯಾಗಲಿ. ಅಷ್ಟೇ ಅವನ ಯೋಚನೆ. ಮೀಸೆ ಮುಖ ನೋಡುವುದು ಯಾವಾಗ? ಚೀಲ ತೆಗೆದ ಮೇಲೆ. ಅದನ್ನು ಕಲಿಸಿದವನೇ ಅವನು. ಮರೆತಿದ್ದನೋ, ಮರೆತ ಹಾಗೆ ಇದ್ದನೋ, ಅವನಿಗೇ ಇನ್ನೂ ಬಗೆಹರಿದಿಲ್ಲ.

ಎರಡು ನಲವತ್ತೊಂಬತ್ತಕ್ಕೆ ಮೀಸೆಯ ಕರೆ ಬಂತು. ಅಭ್ಯಾಸ ಬಲ, ಗದರಪ್ಪ ಎತ್ತಿ ಬಲಗಿವಿಗೆ ಒತ್ತಿಕೊಂಡ. ಬೂಟುಗಳು ಜಲ್ಲಿಕಲ್ಲಿನ ಮೇಲೆ ನಡೆದವು. ತಗಡಿನ ಬಾಗಿಲು ಕಿರ್ರೆಂದಿತು. ಆಮೇಲೆ ಒಂದು ಉಸಿರು ಒಳಕ್ಕೆ ಎಳೆದ ಸದ್ದು, ಬಟ್ಟೆಯೊಳಗೆ. ಆ ಸದ್ದು ಗದರಪ್ಪನಿಗೆ ಗೊತ್ತು, ತಲೆಗೆ ಚೀಲ ಬಿದ್ದಾಗ ಯಾರೇ ಆದರೂ ಹಾಗೇ ಉಸಿರೆಳೆಯುತ್ತಾರೆ.

"ಮೀಸೆ, ನಿಲ್ಸು" ಎಂದ.

ಜೇಬಿನೊಳಗಿನ ಫೋನಿಗೆ ಎಷ್ಟು ಕೂಗಿದರೆ ಏನು? ಮೊದಲ ಏಟು ಬಿತ್ತು, ಮಾಂಸದ ಮೇಲೆ. ಎರಡನೆಯದು ಮೂಳೆಯ ಮೇಲೆ. ಪರದೆಯ ಮೇಲೆ ಸಾಲು ಬಂತು: ಎಂಬತ್ತೇಳು, ಸಲಕರಣೆ ಕಪಾಟಿನ ಬಾಗಿಲು ತೆರೆದಿದೆ. ಅವನನ್ನು ಕಪಾಟಿಗೆ ಅಪ್ಪಳಿಸಿದ್ದರು. ಇನ್ನೊಂದು ಸಾಲು: ಫ್ಯಾನ್ ನಿಂತಿದೆ. ಯಾರೋ ನಗುತ್ತಾ ಕೈ ಹಿಡ್ಕೋ ಕೈ ಹಿಡ್ಕೋ ಎನ್ನುತ್ತಿದ್ದರು. ಒಣ ಕಡ್ಡಿ ಮುರಿದ ಹಾಗೆ ಟಕ್, ಟಕ್ ಎಂದಿತು. ಚೀಲದೊಳಗಿನವನು ನಾನು ಕೆಲಸದವನು, ಕೆಲಸದವನು ಎಂದ. ಎಲ್ಲ ಕಳ್ಳರೂ ಹಾಗೇ ಹೇಳುತ್ತಿದ್ದರು, ಮೀಸೆಯವರಿಗೆ ಅದು ಹೊಸದಲ್ಲ. ದವಡೆಗೆ ಬಿತ್ತು ಏಟು. ಮಾತು ಗೊಗ್ಗರಾಯಿತು. ಆಗ ಅವನಿಗೆ ನೆನಪಾಗಿರಬೇಕು, ಇವರ ಜೇಬಿನಲ್ಲಿ ಫೋನು ಇರುತ್ತದೆ, ಆ ಕಡೆ ಯಾರು ಕಿವಿಗೊಟ್ಟು ಕೂತಿರುತ್ತಾರೆ ಎಂದು.

"ಭಾವಾ" ಎಂದು ಕರೆದ.

ಒಂಬತ್ತು ದಿನದಿಂದ ಗದರಪ್ಪ ಕಾಯುತ್ತಿದ್ದ ಪದ ಅದು. ಅವನು ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದು ನಿಂತು ಗಂಟಲು ಹರಿಯುವಂತೆ ಮೀಸೆಯ ಹೆಸರು ಕೂಗಿದ. ಕೋಣೆಯಲ್ಲಿದ್ದ ಎಲ್ಲರೂ ತಿರುಗಿದರು. ಅದೇ ಕ್ಷಣ ಎಂಬತ್ತೇಳರ ಮುಖ್ಯ ಸ್ವಿಚ್ಚಿಗೆ ಯಾರ ತಲೆಯೋ ಭುಜವೋ ಬಡಿಯಿತು. ಪರದೆಯಲ್ಲಿ ಟವರಿನ ಸಾಲುಗಳೆಲ್ಲ ಒಟ್ಟಿಗೆ ಕೆಂಪಾದವು, ಆಮೇಲೆ ಬೂದಿಬಣ್ಣಕ್ಕೆ ತಿರುಗಿದವು. ಟವರು ಸತ್ತಿತು. ಮೀಸೆಯ ಫೋನಿಗೆ ಸಿಗ್ನಲ್ ಕೊಡುತ್ತಿದ್ದುದೂ ಅದೇ ಟವರು. ಬಲಗಿವಿಯಲ್ಲಿ ಲೈನು ಸದ್ದಿಲ್ಲದೆ ಕಟ್ಟಾಯಿತು. ಮತ್ತೆ ಒತ್ತಿದ, ವ್ಯಾಪ್ತಿಯಲ್ಲಿಲ್ಲ. ಮತ್ತೆ ಒತ್ತಿದ, ವ್ಯಾಪ್ತಿಯಲ್ಲಿಲ್ಲ. ನಾನೂರ ಹನ್ನೆರಡು ಟವರಿನ ಮೇಲೆ ಕಣ್ಣಿಟ್ಟವನಿಗೆ ಮೂವರು ಗೂಂಡಾಗಳಿಗೆ ಒಂದು ಮಾತು ತಲುಪಿಸುವ ದಾರಿ ಇರಲಿಲ್ಲ.

ಡ್ಯೂಟಿ ಫೋನನ್ನೇ ಜೇಬಿಗೆ ಹಾಕಿಕೊಂಡು ಬೈಕು ಓಡಿಸಿದ. ಹದಿನಾಲ್ಕು ಕಿಲೋಮೀಟರ್. ಒಂದು ಸಿಗ್ನಲ್ ಹಾರಿದ, ಒಂದು ತರಕಾರಿ ಗಾಡಿಗೆ ಗುದ್ದಿ ಮೊಳಕಾಲು ತರಚಿಕೊಂಡ, ನಿಲ್ಲಲಿಲ್ಲ. ಹೋಗುವಷ್ಟರಲ್ಲಿ ಮೂವರೂ ಟವರಿನ ನೆರಳಲ್ಲಿ ಕೂತು ಬಾಟಲಿಯಿಂದ ಕೈ ತೊಳೆದುಕೊಳ್ಳುತ್ತಿದ್ದರು. ಗುರುಗಳೇ ಖುದ್ದು ಬಂದರಲ್ಲ ಎಂದು ಮೀಸೆಗೆ ಸಂತೋಷವೇ ಆಯಿತು. "ಗಟ್ಟಿ ಆಸಾಮಿ ಗುರುಗಳೇ, ನಿಮ್ಮನ್ನೇ ಕರೀತಿದ್ದ" ಎಂದ. ಗದರಪ್ಪ ಅವನನ್ನು ದಾಟಿ ಒಳಗೆ ಹೋದ. ಬಿದ್ದಿದ್ದವನ ತಲೆಯ ಮೇಲೆ ಚೀಲ ಹಾಗೇ ಇತ್ತು, ಪಾಠದ ಪ್ರಕಾರ. ಬಾಯಿಯ ಜಾಗದಲ್ಲಿ ಅದು ಒದ್ದೆಯಾಗಿ ಒಳಗೆ ಹೊರಗೆ ಆಡುತ್ತಿತ್ತು. ಗದರಪ್ಪ ಮೊಳಕಾಲೂರಿ ತನ್ನ ಕೈಯಾರೆ ಚೀಲ ಎಳೆದ. ಮೀಸೆ ಬಾಗಿಲಲ್ಲಿ ನಿಂತು ಆ ಮುಖ ನೋಡಿ ತಾನೇ ಹೊರಗೆ ಹೋಗಿ ವಾಂತಿ ಮಾಡಿಕೊಂಡ.

ದವಡೆ ಎರಡು ಕಡೆ ಮುರಿದಿತ್ತು, ನಾಲ್ಕು ಪಕ್ಕೆಲುಬು, ಬಲಗೈಯ ಬೆರಳುಗಳು. ಒಂದು ಮೂತ್ರಪಿಂಡ ಜಜ್ಜಿಹೋಗಿತ್ತು, ತೆಗೆಯಬೇಕಾಯಿತು. ಆಪರೇಷನ್ ಕೋಣೆಯ ಹೊರಗೆ ತಂಗಿ ಗೋಡೆಗೊರಗಿ ನಿಂತಿದ್ದಳು, ಮನೆಯ ಚಪ್ಪಲಿಯಲ್ಲೇ ಬಂದಿದ್ದಳು. ಕಂಪನಿಯವರು ಆಗಲೇ ಫೋನಿನಲ್ಲಿ ಹೇಳಿದ್ದರಂತೆ, ಕರೆ ಮಾಡದೆ ಒಳಗೆ ಹೋಗಿದ್ದಾನೆ, ಅದಕ್ಕೇ ಹೀಗಾಯಿತು ಎಂದು. ಅವಳು ಅಣ್ಣನ ಅಂಗಿ ಹಿಡಿದು ಕೇಳಿದ್ದು ಒಂದೇ ಪ್ರಶ್ನೆ. "ಅವ್ರು ಫೋನ್ ಮಾಡಿರ್ಲಿಲ್ವಾ ಅಣ್ಣ?"

"ಇಲ್ಲ ಪುಟ್ಟಿ" ಎಂದ ಗದರಪ್ಪ.

ಬಾಯಿ ಜಾರಿತು ಎನ್ನೋಣವೇ? ಜಾರಿದ ಬಾಯಿಯ ಹಿಂದೆ ಬೆರಳೂ ಹೋಯಿತು. ಶೌಚಾಲಯದ ಬಾಗಿಲು ಹಾಕಿಕೊಂಡು ಡ್ಯೂಟಿ ಫೋನಿನಲ್ಲಿ ಎತ್ತದೆ ಉಳಿದ ಆ ಎರಡು ಕರೆಗಳನ್ನು ಹೆಬ್ಬೆರಳಿನಿಂದ ಅಳಿಸಿದ. ಭಾವಮೈದುನನ ಮೊಬೈಲು ಬೂಟಿನಡಿ ಪುಡಿಯಾಗಿತ್ತು. ಎತ್ತದ ಕರೆಗೆ ಬಿಲ್ಲಿಲ್ಲ, ಬಿಲ್ಲಿಲ್ಲದ ಕರೆಯನ್ನು ಹುಡುಕಲು ಯಾರೂ ಹೋಗುವುದಿಲ್ಲ ಎಂದು ಮ್ಯಾನೇಜರ್ ಮಾರನೇ ದಿನ ತಾನಾಗಿಯೇ ಹೇಳಿದ, ಹವಾಮಾನದ ಬಗ್ಗೆ ಮಾತಾಡಿದ ಹಾಗೆ. ಪಕ್ಕದ ಸೀಟಿನ ಹುಡುಗಿ ತಲೆ ಬಗ್ಗಿಸಿಕೊಂಡು ಕೆಲಸ ಮಾಡಿದಳು. ಗದರಪ್ಪನೊಡನೆ ಅವಳು ಮಾತಾಡಲಿಲ್ಲ, ಅವನ ಎಡಗಡೆಯ ಸೀಟಿಗೆ ಬದಲಾಯಿಸಿಕೊಂಡಳು.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಇದಕ್ಕೆ ಕಾಲೂ ಇತ್ತು, ಹಲ್ಲೂ ಇತ್ತು. ಕರೆ ಇಲ್ಲ, ರಿಜಿಸ್ಟರಿನಲ್ಲಿ ಹೆಸರಿಲ್ಲ, ಬಾಗಿಲು ತೆರೆದಿದೆ. ಹಾಗಾದರೆ ಅವನೇ ಕಳ್ಳ ಎಂದು ಮೀಸೆಯ ಗುತ್ತಿಗೆದಾರ ಠಾಣೆಗೆ ದೂರು ಬರೆದುಕೊಟ್ಟ. ಒಳಗಿನವನೇ ರಿಪೇರಿಯ ನೆಪದಲ್ಲಿ ಬ್ಯಾಟರಿ ಕದಿಯಲು ಬಂದಿದ್ದ, ನಮ್ಮವರು ತಡೆದರು ಎಂದು. ಕಂಪನಿ ಬೇಡ ಎನ್ನಲಿಲ್ಲ. ನಾಲ್ಕನೇ ದಿನ ಇನ್‌ಸ್ಪೆಕ್ಟರ್ ವಾರ್ಡಿಗೇ ಬಂದರು. ದವಡೆಗೆ ತಂತಿ ಬಿಗಿದಿದ್ದರಿಂದ ರೋಗಿಗೆ ಮಾತಿಲ್ಲ, ಮಗಳ ಸ್ಲೇಟು ತಂದಿಟ್ಟಿದ್ದರು. ಮಂಚದ ಒಂದು ಕಡೆ ತಂಗಿ, ಇನ್ನೊಂದು ಕಡೆ ಗದರಪ್ಪ.

ಇನ್‌ಸ್ಪೆಕ್ಟರ್ ಒಳ್ಳೆಯ ಮಾತಿನಲ್ಲೇ ಕೇಳಿದರು. ಕಾನೂನು ಗೊತ್ತಿದ್ದೂ ಕರೆ ಮಾಡದೆ ಯಾಕೆ ಒಳಗೆ ಹೋದಿರಿ? ಯೋಚಿಸಿ ಬರೆಯಿರಿ, ನಿಮ್ಮ ಮೇಲೆ ಕಳ್ಳತನದ ಕೇಸು ಆಗುವುದು ಇದರ ಮೇಲೆ ನಿಂತಿದೆ.

ಊದಿ ಮುಚ್ಚಿದ್ದ ಕಣ್ಣುಗಳಲ್ಲಿ ಒಂದು ತೆರೆಯಿತು. ಅದು ಮೊದಲು ಹೆಂಡತಿಯನ್ನು ನೋಡಿತು, ಆಮೇಲೆ ಗದರಪ್ಪನನ್ನು. ತುಂಬ ಹೊತ್ತು ಗದರಪ್ಪನನ್ನೇ ನೋಡಿತು. ಅವನು ಎಡಗೈಯಲ್ಲಿ ಬಳಪ ಹಿಡಿದು, ಒಂದನೇ ಕ್ಲಾಸಿನ ಮಕ್ಕಳ ಹಾಗೆ ಸೊಟ್ಟ ಸೊಟ್ಟ ಮೂರು ಅಕ್ಷರ ಬರೆದ. ಮರೆತೆ.

ತಂಗಿ ಮುಖ ಮುಚ್ಚಿಕೊಂಡು ಅತ್ತಳು. ಎಂಟು ವರ್ಷದಲ್ಲಿ ಒಂದು ಸಲವೂ ಮರೆಯದವರು ಆವತ್ತೇ ಯಾಕೆ ಮರೆತಿರಿ ಎಂದು ಗಂಡನನ್ನೇ ಬೈದಳು. ಅವನು ಕಣ್ಣು ಮುಚ್ಚಿಕೊಂಡ. ಹೆಂಡತಿಗೆ ಈ ಭೂಮಿಯ ಮೇಲೆ ಇರುವವನು ಒಬ್ಬನೇ ಅಣ್ಣ, ಅವನನ್ನೂ ಕಿತ್ತುಕೊಳ್ಳುವುದು ಬೇಡ ಎಂದುಕೊಂಡನೇ? ಹೇಳಲು ಅವನಿಗೆ ಬಾಯಿರಲಿಲ್ಲ, ಕೇಳಲು ಗದರಪ್ಪನಿಗೆ ಮುಖವಿರಲಿಲ್ಲ.

ಅಲ್ಲಿಂದ ಗದರಪ್ಪ ನೇರ ಕಂಟ್ರೋಲ್ ರೂಮಿಗೆ ಬಂದ. ರಜೆಯಲ್ಲಿದ್ದವನು ಯಾಕೆ ಬಂದ ಎಂದು ಯಾರೂ ಕೇಳಲಿಲ್ಲ. ಲಾಗನ್ನು ಹಿಂದಕ್ಕೆ ಸರಿಸುತ್ತಾ ಹೋಗಿ ಆ ದಿನದ ಆ ಸಾಲಿನಲ್ಲಿ ನಿಲ್ಲಿಸಿದ. ಎಂಬತ್ತೇಳು, ಬಾಗಿಲು ತೆರೆದಿದೆ, ಅನ್ಯರು, ಒತ್ತಿದವನ ಹೆಸರು. ಲಾಗಿನಲ್ಲಿ ಬರೆದದ್ದನ್ನು ಯಾರೂ ಅಳಿಸಲಾರರು, ಮ್ಯಾನೇಜರೂ ಅಳಿಸಲಾರ. ಆದರೆ ಪ್ರತಿ ಸಾಲಿಗೂ ಒಂದು ಷರಾ ಸೇರಿಸಬಹುದು. ಎರಡು ಬೆರಳಿನಲ್ಲಿ ಕುಟ್ಟಿದ: 'ಎರಡು ಮೂವತ್ತೊಂದಕ್ಕೆ, ಎರಡು ಮೂವತ್ತನಾಲ್ಕಕ್ಕೆ ಇವನಿಂದ ಕರೆ ಬಂತು. ನಾನು ಎತ್ತಲಿಲ್ಲ. ಒಳಗಿರುವವನು ನಮ್ಮವನೆಂದು ಗೊತ್ತಿತ್ತು. ಗೊತ್ತಿದ್ದೂ ಅನ್ಯರು ಎಂದು ಒತ್ತಿದೆ. ಕರೆಗಳನ್ನು ಅಳಿಸಿದವನೂ ನಾನೇ.' ಸೇರಿಸು ಎಂಬಲ್ಲಿ ಒತ್ತಿ, ಎರಡು ಪ್ರಿಂಟು ತೆಗೆದ. ಪ್ರಿಂಟರು ಕಾಗದ ಕಚ್ಚಿಕೊಂಡಿತು. ಅವತ್ತು ಅವನು ಅದನ್ನು ಗದರಲಿಲ್ಲ. ಪಕ್ಕದ ಹುಡುಗಿಯೇ ಎದ್ದು ಬಂದು ಕಾಗದ ಬಿಡಿಸಿ ಕೊಟ್ಟಳು.

ಒಂದು ಪ್ರತಿ ಠಾಣೆಗೆ ಕೊಟ್ಟ. ಇನ್‌ಸ್ಪೆಕ್ಟರ್ ಎರಡು ಸಲ ಓದಿ, ನಾಳೆ ಬೆಳಿಗ್ಗೆ ಬಟ್ಟೆಬರೆ ತೆಗೆದುಕೊಂಡು ಬಾ, ಮೀಸೆಯನ್ನು ಈಗಲೇ ಎಳೆತರುತ್ತೇವೆ ಎಂದರು. ಇನ್ನೊಂದು ಪ್ರತಿ ತಂಗಿಗೆ. ಆಸ್ಪತ್ರೆಯ ಕಾರಿಡಾರಿನಲ್ಲಿ, ಔಷಧದಂಗಡಿಯ ಸಾಲಿನ ಪಕ್ಕ, ಸಂಜೆ ಐದರ ಹೊತ್ತಿಗೆ ಅವಳ ಕೈಗೆ ಕೊಟ್ಟ. ಲಾಗ್ ಹಾಳೆ ಓದುವುದು ಅವಳಿಗೆ ಹೊಸದಲ್ಲ, ಹನ್ನೆರಡು ವರ್ಷದಿಂದ ಒಂದನ್ನು ಬಾಯಿಪಾಠ ಮಾಡಿದ್ದಳು. ಸಾಲಿನ ಕೆಳಗೆ ಬೆರಳಿಟ್ಟು ಕೊನೆಯವರೆಗೆ ಓದಿದಳು. ಮತ್ತೆ ಮೇಲಿನಿಂದ ಓದಿದಳು. ಗದರಪ್ಪ ತಪ್ಪಾಯಿತು ಎಂದ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ, ಅವನಿಗೂ ಗೊತ್ತಿತ್ತು, ಆದರೂ ಎಂದ.

"ಆ ಟೀ ಕುಡಿಯೋಕೆ ಹೋದವನನ್ನ ಹನ್ನೆರಡು ವರ್ಷ ಶಪಿಸಿದೀನಿ" ಎಂದಳು ತಂಗಿ. ಅವಳ ಧ್ವನಿ ಏರಲಿಲ್ಲ. "ಅವನಾದ್ರೂ ಎದ್ದು ಹೋಗಿದ್ದ. ನೀನು ಕೂತು ಕೇಳಿಸ್ಕೊಂಡೆ."

ಕಾಗದವನ್ನು ಬಲಗೈಗೆ ಬದಲಾಯಿಸಿಕೊಂಡು ಎರಡು ಹೆಜ್ಜೆ ಮುಂದೆ ಬಂದು ಅವಳು ತನ್ನ ಮೈಬಲವನ್ನೆಲ್ಲ ಹಾಕಿ ಅವನ ಬಲಗಿವಿಗೆ ಹೊಡೆದಳು. ಅವನು ಕೈ ಅಡ್ಡ ತರಲಿಲ್ಲ. ಇನ್ನೊಂದು ಹೊಡೆದಳು. ಮೂರನೆಯದಕ್ಕೆ ಅವನು ಗೋಡೆಗೆ ಬಿದ್ದು ಜಾರಿ ನೆಲಕ್ಕೆ ಕೂತ. ಸಾಲಿನಲ್ಲಿದ್ದವರು ಬಂದು ಅವಳನ್ನು ಹಿಡಿದುಕೊಂಡರು, ಅವಳು ಬಿಡಿಸಿಕೊಂಡು ಅವನ ಮೇಲೆ ಬಗ್ಗಿ ಏನೋ ಹೇಳುತ್ತಿದ್ದಳು, ಮುಖವೆಲ್ಲ ಕಣ್ಣೀರಾಗಿ ಹೇಳುತ್ತಿದ್ದಳು. ತುಟಿ ಆಡುವುದು ಹತ್ತಿರದಿಂದ ಕಾಣುತ್ತಿತ್ತು. ಗದರಪ್ಪನಿಗೆ ಒಂದು ಮಾತೂ ಕೇಳಿಸಲಿಲ್ಲ.